ಫೈಯರಾಬೆಂಟ್ ಅಂದರೆ ಯಾವ ಹಬ್ಬ?

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಮೂರು ವಾರ ಆಯಿತು, ಸಂಜೆ ಎಲ್ಲರೂ "ಶ್ಯೋನೆನ್ ಫೈಯರಾಬೆಂಟ್", ಅಂದರೆ ಒಳ್ಳೆಯ ಫೈಯರಾಬೆಂಟ್ ಸಿಗಲಿ, ಅಂತ ಹೇಳಿ ಹೊರಡುತ್ತಾರೆ ಅಂತ ಬರೆದಿದ್ದೀರಿ. ಡಿಕ್ಷನರಿಯಲ್ಲಿ ಹಬ್ಬ, ಸಂಜೆ ಅಂತಿದೆ, ಯಾವ ಹಬ್ಬ? ಮ್ಯಾನೇಜರ್ ಏಳುವ ತನಕ ನಾನು ಕೂತಿರಬೇಕಾ? ಇದು ನಿಮ್ಮ ಪ್ರಶ್ನೆ, ಅಲ್ವಾ?

ಕೂರಬೇಡಿ, ಕೆಲಸ ಮುಗಿದಿದ್ದರೆ ಹೊರಡಿ.

ಡಿಕ್ಷನರಿ ಹೇಳಿದ್ದು ಸರಿಯೇ. ಹಬ್ಬ ಅನ್ನುವ 'ಫೈಯರ್' ಲ್ಯಾಟಿನ್ನಿನಿಂದ ಬಂದ ಪದ. ಶಾಲೆಯ ರಜೆಗೆ ಇಲ್ಲಿ ಹೇಳುವ 'ಫೇರಿಯೆನ್' ಕೂಡ ಅದೇ ಬೇರಿನದು. ಸಂಜೆ ಅನ್ನುವ 'ಆಬೆಂಟ್' ಮಾತ್ರ ಅಪ್ಪಟ ಜರ್ಮ್ಯಾನಿಕ್, ಅಂದರೆ ಜರ್ಮನ್, ಇಂಗ್ಲಿಷ್ ಸೇರಿದ ಭಾಷೆಗಳ ಕುಟುಂಬದ್ದೇ. ಇಂಗ್ಲಿಷಿನ ಈವ್ನಿಂಗ್ ಅದರ ನೆಂಟ. ಹಿಂದೆ 'ಆಬೆಂಟ್' ಅನ್ನುವುದಕ್ಕೆ ಹಬ್ಬದ ಮುನ್ನಾದಿನ ಅನ್ನುವ ಅರ್ಥವೂ ಇತ್ತು. ಉತ್ತರ ಜರ್ಮನಿಯಲ್ಲಿ ಈಗಲೂ ಶನಿವಾರಕ್ಕೆ 'ಝೋನ್‌ಆಬೆಂಟ್' ಅನ್ನುತ್ತಾರೆ, ಭಾನುವಾರದ ಮುನ್ನಾದಿನ ಅಂತ. ಹಾಗೆ ಫೈಯರಾಬೆಂಟ್ ಅಂದರೆ ಮೊದಲು ಹಬ್ಬದ ಹಿಂದಿನ ಸಂಜೆ. ನಮ್ಮ ನೀರು ತುಂಬುವ ಹಬ್ಬ ನೆನೆಸಿಕೊಳ್ಳಿ. ಹಂಡೆ ತಿಕ್ಕಿ, ನೀರು ತುಂಬಿ, ಅರಿಶಿನ ಕುಂಕುಮ ಹಚ್ಚಿದ ಮೇಲೆ ಆ ಸಂಜೆಯೇ ಹಬ್ಬ ಶುರುವಾದ ಹಾಗೆ. ಆಮೇಲೆ ಕಸುಬುದಾರರ ಬಾಯಲ್ಲಿ ಅದು ದಿನದಿನದ ಕೆಲಸ ಮುಗಿಯುವ ಹೊತ್ತಾಯಿತು. ಡೆನ್ಮಾರ್ಕಿನವರ 'ಫ್ಯೂರಾಫ್ಟನ್' ಕೂಡ ಇದೇ.

ನಮ್ಮ ಅಡುಗೆಮನೆಯ ಕಪಾಟು ಮಾಡಲು ಒಬ್ಬ ಬಡಗಿ ಬರುತ್ತಿದ್ದರು. ಸರಿಯಾಗಿ 4 ಗಂಟೆಗೆ ಉಳಿಯನ್ನು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದರು. ನೆಲದ ಮೇಲಿನ ಹೊಟ್ಟು ಗುಡಿಸಿ, "ಝೋ, ಫೈಯರಾಬೆಂಟ್" ಅನ್ನುತ್ತಿದ್ದರು. ಒಂದು ದಿನ ಎರಡೇ ಸ್ಕ್ರೂ ಬಾಕಿ ಇತ್ತು. ಆದರೂ ಹೊರಟರು. ನನಗೆ ಸಿಟ್ಟು ಬಂತು. ಮರುದಿನ ಬೆಳಗ್ಗೆ 7ಕ್ಕೆ ಬೆಲ್ ಆಯಿತು. ಆ ಎರಡು ಸ್ಕ್ರೂಗಳನ್ನು ಅವರು ಎಷ್ಟು ನಿಧಾನವಾಗಿ, ಎಷ್ಟು ಅಚ್ಚುಕಟ್ಟಾಗಿ ಕೂರಿಸಿದರೆಂದರೆ, ಇವತ್ತಿಗೂ ಆ ಬಾಗಿಲು ಒಂದಿಷ್ಟೂ ಜೋತುಬಿದ್ದಿಲ್ಲ. ಆ ಪದ ಸೋಮಾರಿತನದ್ದಲ್ಲ ಅಂತ ನನಗೆ ಗೊತ್ತಾದದ್ದು ಆವತ್ತು.

ಕಾನೂನೂ ನಿಮ್ಮ ಕಡೆಗಿದೆ. 1994ರ ಕೆಲಸದ ಅವಧಿಯ ಕಾಯ್ದೆ ಪ್ರಕಾರ, ಒಂದು ದಿನದ ಕೆಲಸ ಮುಗಿದ ಮೇಲೆ ಮುಂದಿನದು ಶುರುವಾಗುವ ಮೊದಲು ಸಾಮಾನ್ಯವಾಗಿ 11 ಗಂಟೆ ಬಿಡುವು ಸಿಗಲೇಬೇಕು. ರಾತ್ರಿ 10ಕ್ಕೆ ಮೇಲ್ ಕಳಿಸಿ ಒಳ್ಳೆಯ ಹೆಸರು ತಗೋತೀನಿ ಅಂದುಕೊಳ್ಳಬೇಡಿ.

ಇನ್ನೊಂದು ಮಾತು. ಅಮ್ಮಂದಿರು ಮಕ್ಕಳಿಗೆ "ಯೆಟ್ಸ್ಟ್ ಇಸ್ಟ್ ಆಬರ್ ಫೈಯರಾಬೆಂಟ್!" ಅಂತ ಗದರುವುದು ಕೇಳಿಸಿದರೆ, ಅದಕ್ಕೆ "ಸಾಕು, ನಿಲ್ಲಿಸು" ಅಂತ ಅರ್ಥ.

ನಾಳೆ ಸಂಜೆ ನೀವೇ ಮೊದಲು ಹೇಳಿ ನೋಡಿ. ಸೂಪರ್‌ಮಾರ್ಕೆಟ್ಟಿನಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಬಿಲ್ ಹಾಕುವವರಿಗೂ ಹೇಳಿ. ಇಡೀ ದಿನ ದಣಿದ ಮುಖ ಒಂದು ಸಲ ಅರಳುತ್ತದೆ.