ಕಾಟಾ ಪರದೆಯ ಬಣ್ಣ ಅರ್ಧ ಗಂಟೆಗೇ ಹೋಗುವುದು ಯಾಕೆ?

ಪ್ರಶ್ನೆ: ಕಬ್ಬಿನ ಟ್ರ್ಯಾಕ್ಟರ್ ತೂಗುವ ಕಾಟಾಕ್ಕೆ ಸಿ++ನಲ್ಲಿ ವಿಂಡೋಸ್ ಪ್ರೋಗ್ರಾಂ ಬರೆದಿದ್ದೇನೆ. ತೂಕ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಕಾಟಾ ಅಲುಗುತ್ತಿದ್ದರೆ ಕೆಂಪು, ನಿಂತರೆ ಹಸಿರು ಹಿನ್ನೆಲೆ. ಮುಂಜಾನೆ ಚಾಲೂ ಮಾಡಿದರೆ ಅರ್ಧ ತಾಸು ಎಲ್ಲ ಸರಿ. ಆಮೇಲೆ ಬಣ್ಣ ಹೋಗಿ ಅಕ್ಷರ ಸಣ್ಣದಾಗುತ್ತದೆ, ಬಟನ್‌ಗಳೂ ಅರೆಬರೆ ಕಾಣುತ್ತವೆ. ಬಂದ್ ಮಾಡಿ ತೆರೆದರೆ ಮತ್ತೆ ಸರಿ. ರ‍್ಯಾಮ್ ಹೆಚ್ಚಿಸಬೇಕೇ?
– ಓದುಗರು, ಮುಧೋಳ

ಉತ್ತರ: ರ‍್ಯಾಮ್‌ಗೆ ದುಡ್ಡು ಹಾಕಬೇಡಿ. ವಿಂಡೋಸ್ ಒಂದು ಪ್ರೋಗ್ರಾಮಿಗೆ ಕೊಡುವ ಜಿಡಿಐ ಹ್ಯಾಂಡಲ್‌ಗಳ (ಪರದೆಯ ಮೇಲೆ ಬಿಡಿಸಲು ಬಳಸುವ ಸಾಧನಗಳ ಗುರುತುಗಳ) ಮಿತಿ ಸಾಮಾನ್ಯವಾಗಿ 10,000. ಬ್ರಷ್, ಫಾಂಟ್, ಪೆನ್, ಬಿಟ್‌ಮ್ಯಾಪ್ ಎಲ್ಲವೂ ಈ ಲೆಕ್ಕಕ್ಕೇ ಸೇರುತ್ತವೆ. ತೂಕ ಸೆಕೆಂಡಿಗೆ 5 ಸಲ ಬದಲಾಗಿ, ಪ್ರತಿ ಸಲವೂ ಹೊಸ ಬ್ರಷ್ ಹುಟ್ಟಿದರೆ 2,000 ಸೆಕೆಂಡಿಗೆ, ಅಂದರೆ ಸುಮಾರು 33 ನಿಮಿಷಕ್ಕೆ, ಮಿತಿ ಮುಗಿಯುತ್ತದೆ. ನಿಮ್ಮ ಅರ್ಧ ತಾಸಿನ ಲೆಕ್ಕ ಇಲ್ಲಿಗೇ ಕೂಡುತ್ತದೆ. ಮುಂದೆ ಕ್ರಿಯೇಟ್‌ಸಾಲಿಡ್‌ಬ್ರಷ್, ಕ್ರಿಯೇಟ್‌ಫಾಂಟ್ ಕರೆದರೆ ಶೂನ್ಯ ಬರುತ್ತದೆ. ಕಂಟ್ರೋಲ್ (ತೂಕದ ಬಾಕ್ಸ್, ಬಟನ್‌ನಂಥ ಭಾಗ) ಹಳೇ ಸಿಸ್ಟಂ ಫಾಂಟಿಗೆ ಮರಳುತ್ತದೆ. ಪ್ರೋಗ್ರಾಂ ಮುಚ್ಚಿದಾಗ ವಿಂಡೋಸ್ ಎಲ್ಲವನ್ನೂ ತಾನೇ ತೆಗೆಯುವುದರಿಂದ ಮರಳಿ ತೆರೆದರೆ ಸರಿಹೋಗುತ್ತದೆ.

ಖಾತ್ರಿ ಮಾಡಿಕೊಳ್ಳಲು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಕಾಲಂ ತಲೆಬರಹದ ಮೇಲೆ ಬಲ ಕ್ಲಿಕ್ ಮಾಡಿ, ‘ಸೆಲೆಕ್ಟ್ ಕಾಲಮ್ಸ್’ನಲ್ಲಿ ‘ಜಿಡಿಐ ಆಬ್ಜೆಕ್ಟ್ಸ್’ಗೆ ಗುರುತು ಹಾಕಿ. ಕಾಟಾ ಅಲುಗುವಾಗ ಅಂಕಿ ಏರುತ್ತ ಹೋಗಿ ಇಳಿಯದಿದ್ದರೆ ಸೋರಿಕೆ (ಮಾಡಿದ್ದನ್ನು ಅಳಿಸದೆ ಬಿಡುವುದು) ಅಲ್ಲೇ ಇದೆ.

ತಪ್ಪು ಬಹುತೇಕ ಡಬ್ಲ್ಯುಎಂ_ಸಿಟಿಎಲ್‌ಕಲರ್‌ಸ್ಟ್ಯಾಟಿಕ್ ಸಂದೇಶಕ್ಕೆ (ಕಂಟ್ರೋಲಿಗೆ ಯಾವ ಬಣ್ಣ ಎಂದು ಕೇಳುವಂಥದ್ದು) ಉತ್ತರಿಸುವ ಕೋಡಿನ ಒಳಗಿರುತ್ತದೆ. ಅಲ್ಲಿಂದ ನೀವು ಹಿಂತಿರುಗಿಸುವ ಬ್ರಷ್ಷನ್ನು ವಿಂಡೋಸ್ ಬಳಸುತ್ತದೆ, ಅಳಿಸುವುದಿಲ್ಲ. ಹಾಗೆಂದು ಹಿಂತಿರುಗಿಸುವ ಮೊದಲೇ ಅಳಿಸಿದರೂ ಕೆಟ್ಟಿತು, ಬಣ್ಣ ಬಳಿಯುವ ಕೆಲಸ ಆಮೇಲೆ ನಡೆಯುತ್ತದೆ. ಕೆಂಪು, ಹಸಿರು ಎರಡೇ ಬ್ರಷ್ ಡೈಲಾಗ್ ತೆರೆಯುವಾಗ ಮಾಡಿಟ್ಟುಕೊಳ್ಳಿ, ಸಂದೇಶ ಬಂದಾಗ ಬೇಕಾದ್ದನ್ನು ಕೊಡಿ, ಕೊನೆಗೆ ಡಿಲೀಟ್‌ಆಬ್ಜೆಕ್ಟ್ ಕರೆಯಿರಿ. ಇನ್ನೂ ಸುಲಭ ಬೇಕೆಂದರೆ ಸೆಟ್‌ಡಿಸಿಬ್ರಷ್‌ಕಲರ್ ಕರೆದು ಗೆಟ್‌ಸ್ಟಾಕ್‌ಆಬ್ಜೆಕ್ಟ್(ಡಿಸಿ_ಬ್ರಷ್) ಹಿಂತಿರುಗಿಸಿ. ಅದು ವಿಂಡೋಸಿನದೇ ಬ್ರಷ್, ಅಳಿಸುವ ಗೋಜೇ ಇಲ್ಲ. ನಾವಂತೂ ಇದನ್ನೇ ಆರಿಸುತ್ತೇವೆ. ಅಂದಹಾಗೆ, ಓದಲು ಮಾತ್ರ ಇರುವ ಎಡಿಟ್ ಬಾಕ್ಸ್ ಕೂಡ ಇದೇ ಸಂದೇಶ ಕಳಿಸುತ್ತದೆ. ಕಂಟ್ರೋಲ್ ಐಡಿ ನೋಡಿ ಬಣ್ಣ ಕೊಡದಿದ್ದರೆ ಗಾಡಿ ನಂಬರಿನ ಬಾಕ್ಸೂ ಕೆಂಪಾದೀತು.

ಅಕ್ಷರ ಸಣ್ಣದಾಗುತ್ತದೆ ಎಂದಿರಿ. ಹಾಗಾದರೆ ಬಣ್ಣ ಬದಲಾದಾಗ ಫಾಂಟನ್ನೂ ಹೊಸದಾಗಿ ಮಾಡುತ್ತಿರಬೇಕು. ಅದರ ಅಗತ್ಯವಿಲ್ಲ. ಡಬ್ಲ್ಯುಎಂ_ಸೆಟ್‌ಫಾಂಟ್‌ನಿಂದ ಕೊಟ್ಟ ಫಾಂಟನ್ನು ಕಂಟ್ರೋಲ್ ನಕಲು ಮಾಡಿಕೊಳ್ಳುವುದಿಲ್ಲ, ಅಳಿಸುವುದೂ ಇಲ್ಲ. ಒಮ್ಮೆ ಮಾಡಿ ಇಟ್ಟುಕೊಳ್ಳಿ. ಬದಲಿಸಲೇಬೇಕಾದರೆ ಹೊಸದನ್ನು ಕೊಟ್ಟ ಮೇಲೆ ನೀವೇ ಮಾಡಿದ ಹಳೆಯದನ್ನು ಅಳಿಸಿ. ಡಬ್ಲ್ಯುಎಂ_ಗೆಟ್‌ಫಾಂಟ್‌ನಿಂದ ಬಂದದ್ದು ನಿಮ್ಮದಲ್ಲ, ಮುಟ್ಟಬೇಡಿ. ಕೊನೆಯ ಅಳಿಸುವಿಕೆ ವಿಂಡೋ ಮುಚ್ಚುವಾಗ ಕಟ್ಟಕಡೆಗೆ ಬರುವ ಡಬ್ಲ್ಯುಎಂ_ಎನ್‌ಸಿಡೆಸ್ಟ್ರಾಯ್‌ನಲ್ಲಿರಲಿ. ಡಬ್ಲ್ಯುಎಂ_ಡೆಸ್ಟ್ರಾಯ್ ಬರುವಾಗ ಕಂಟ್ರೋಲ್‌ಗಳು ಇನ್ನೂ ಜೀವಂತ ಇರುತ್ತವೆ.

ನೀವೇ ಚಿತ್ರ ಬಿಡಿಸುವ ಭಾಗವಿದ್ದರೆ ಸೆಲೆಕ್ಟ್‌ಆಬ್ಜೆಕ್ಟ್ ಕೊಡುವ ಹಳೆಯದನ್ನು ಮರಳಿ ಕೂರಿಸಿ, ಆಮೇಲೆ ನಿಮ್ಮದನ್ನು ಅಳಿಸಿ. ಡಿಸಿ (ಚಿತ್ರ ಬಿಡಿಸುವ ಹಾಳೆಯಂಥದ್ದು) ಪಡೆದರೆ ಬಿಟ್ಟುಕೊಡಲೂ ಬೇಕು: ಗೆಟ್‌ಡಿಸಿಗೆ ರಿಲೀಸ್‌ಡಿಸಿ, ಕ್ರಿಯೇಟ್‌ಕಂಪ್ಯಾಟಿಬಲ್‌ಡಿಸಿಗೆ ಡಿಲೀಟ್‌ಡಿಸಿ. ಇವನ್ನು ಅದಲುಬದಲು ಮಾಡಬೇಡಿ.

ರಿಜಿಸ್ಟ್ರಿಯಲ್ಲಿ ಜಿಡಿಐ ಮಿತಿಯನ್ನು 65,536ರವರೆಗೆ ಏರಿಸಬಹುದು ಎಂದು ಯಾರಾದರೂ ಹೇಳಿಯಾರು. ಸೋರಿಕೆ ನಿಲ್ಲದೆ ಅದನ್ನು ಏರಿಸಿದರೆ ಇಡೀ ಸೆಷನ್ನಿನ (ಲಾಗಿನ್ ಆದವರ ಎಲ್ಲ ಪ್ರೋಗ್ರಾಂಗಳ) ಹ್ಯಾಂಡಲ್‌ಗಳನ್ನು ಒಂದೇ ಪ್ರೋಗ್ರಾಂ ತಿಂದು, ಬಿಲ್ ಪ್ರಿಂಟ್ ಮಾಡುವ ಪ್ರೋಗ್ರಾಮೂ ಕೆಡುತ್ತದೆ.

ಪ್ರಶ್ನೆ: ಸಿ ಶಾರ್ಪ್‌ನಲ್ಲಿ ಕಸ ಗುಡಿಸುವವ ಇದ್ದಾನಲ್ಲ, ಈ ತಾಪತ್ರಯ ಅಲ್ಲಿಲ್ಲವೇ?
– ಓದುಗರು, ವಿಜಯಪುರ

ಉತ್ತರ: ಇದೆ. ಗಾರ್ಬೇಜ್ ಕಲೆಕ್ಟರ್, ಅಂದರೆ ಬೇಡವಾದ ಮೆಮೊರಿಯನ್ನು ತಾನೇ ತೆರವು ಮಾಡುವ ವ್ಯವಸ್ಥೆ, ನೋಡುವುದು ಮೆಮೊರಿಯ ಒತ್ತಡವನ್ನು. ಜಿಡಿಐ ಹ್ಯಾಂಡಲ್ ಎಷ್ಟಾದವು ಎಂಬುದು ಅದಕ್ಕೆ ಗೊತ್ತಿಲ್ಲ. ಲೇಬಲ್ಲಿಗೆ ಹೊಸ ಫಾಂಟ್ ಕೊಟ್ಟರೆ ಹಳೆಯದು ತಾನಾಗಿ ಡಿಸ್ಪೋಸ್ (ವಿಲೇವಾರಿ) ಆಗುವುದಿಲ್ಲ. ಪೇಂಟ್ ಒಳಗೆ ಮಾಡುವ ಬ್ರಷ್, ಪೆನ್ನುಗಳಿಗೆ ‘ಯೂಸಿಂಗ್’ ಹಾಕಿ, ಕೆಲಸ ಮುಗಿದೊಡನೆ ಅವು ಡಿಸ್ಪೋಸ್ ಆಗುತ್ತವೆ. ಆದರೆ ಬ್ರಷಸ್.ರೆಡ್‌ನಂಥವು ಇಡೀ ಪ್ರೋಗ್ರಾಂ ಹಂಚಿಕೊಳ್ಳುವಂಥವು. ಅವನ್ನು ಡಿಸ್ಪೋಸ್ ಮಾಡಬೇಡಿ.