ಪೈಥಾನ್‌ನಲ್ಲಿ ಬರೆದ ಕನ್ನಡ ಸಿಎಸ್‌ವಿ ಎಕ್ಸೆಲ್‌ನಲ್ಲಿ ತೆರೆದರೆ ಅಕ್ಷರ ಕೆಡುತ್ತವೆ; ಹೆಸರುಗಳ ಜಾಗದಲ್ಲಿ ಗೀರಿರುವ 'ಎ', ಪುಟ್ಟ 2, ಪುಟ್ಟ 3 ಕಾಣುತ್ತವೆ. ಎರಡು ಪಟ್ಟಿ ಹೋಲಿಸಿದರೆ 'ಸರೋಜ'ಗೆ 'ಸರೋಜ' ಸಿಗುತ್ತಲೂ ಇಲ್ಲ. ಏನು ಮಾಡಲಿ?

ನಿಮ್ಮ ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ಹೆಸರುಗಳ ಜಾಗದಲ್ಲಿ ತಲೆ ಮೇಲೆ ಗೀರಿರುವ ಇಂಗ್ಲಿಷ್ 'ಎ', ಪಕ್ಕದಲ್ಲಿ ಪುಟ್ಟ 2 ಅಥವಾ ಪುಟ್ಟ 3 ಕಾಣುತ್ತಿದೆ ಅಂದಿರಿ, ಅಲ್ವಾ? ಅದೇ ಸುಳಿವು. ಯುಟಿಎಫ್-8 ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ಪದ್ಧತಿ, ಅಂದರೆ ಎನ್‌ಕೋಡಿಂಗ್. ಅದರಲ್ಲಿ ಕನ್ನಡದ ಒಂದೊಂದು ಕೋಡ್‌ಗೂ (ಅಕ್ಷರಕ್ಕೆ ಅಥವಾ ಸ್ವರಚಿಹ್ನೆಗೆ ಯೂನಿಕೋಡ್ ಕೊಟ್ಟ ಸಂಖ್ಯೆಗೆ) 3 ಬೈಟ್ ಬೇಕು. ಎಕ್ಸೆಲ್ ಅದು ಯುಟಿಎಫ್-8 ಅಂತ ತಿಳಿಯದೆ, ವಿಂಡೋಸ್‌ನ ಹಳೇ ಎನ್‌ಕೋಡಿಂಗ್ ಹಿಡಿದು ಪ್ರತಿ ಬೈಟನ್ನೂ ಬೇರೆ ಅಕ್ಷರ ಅಂತ ಓದುತ್ತಿದೆ. ಮೊದಲ ಬೈಟ್ ಕನ್ನಡಕ್ಕೆಲ್ಲ ಒಂದೇ, ಅದಕ್ಕೇ ಆ 'ಎ' ಮತ್ತೆ ಮತ್ತೆ ಬರುತ್ತದೆ. ಎರಡನೆಯದು ಕ, ಮ, ರ ತರದ ಅಕ್ಷರಗಳಿಗೆ ಪುಟ್ಟ 2 ಆಗುತ್ತದೆ. ಕೊಂಬಿಗೆ, ಎತ್ವಕ್ಕೆ ಪುಟ್ಟ 3.

ಪರಿಹಾರ ಒಂದೇ ಪದದಲ್ಲಿದೆ. ಓಪನ್ ಫಂಕ್ಷನ್‌ನಲ್ಲಿ ಎನ್‌ಕೋಡಿಂಗ್ ಅಂತ ಇರುವ ಕಡೆ 'ಯುಟಿಎಫ್-8' ತೆಗೆದು 'ಯುಟಿಎಫ್-8-ಸಿಗ್' ಹಾಕಿ. ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಬರೆಯುತ್ತಿದ್ದರೂ ಇದೇ. ಆಗ ಫೈಲಿನ ತಲೆಗೆ 3 ಬೈಟಿನ ಒಂದು ಗುರುತು ಸೇರುತ್ತದೆ. ಅದನ್ನು ನೋಡಿದ ಎಕ್ಸೆಲ್ ಸರಿಯಾಗಿ ಓದುತ್ತದೆ. ಸಾಲುಗಳ ನಡುವೆ ಖಾಲಿ ಸಾಲು ಬರುತ್ತಿದ್ದರೆ, ಅದೇ ಓಪನ್‌ಗೆ ನ್ಯೂಲೈನ್ ಅಂತ ಖಾಲಿ ಸ್ಟ್ರಿಂಗ್ ಕೊಡಿ.

ವಾಪಸ್ ಓದುವಾಗಲೂ 'ಸಿಗ್' ಮರೆಯಬೇಡಿ. ಜನ ಜಾಸ್ತಿ ಎಡವುವುದು ಇಲ್ಲೇ. ಸಾಲುಗಳನ್ನು ಕಾಲಮ್ಮಿನ ಶೀರ್ಷಿಕೆ ಪ್ರಕಾರ ಓದುವ ಡಿಕ್ಟ್‌ರೀಡರ್‌ನಲ್ಲಿ ಬರೀ ಯುಟಿಎಫ್-8 ಅಂತ ಓದಿದರೆ, ಆ ಗುರುತು ಮೊದಲ ಕಾಲಮ್ಮಿನ ಶೀರ್ಷಿಕೆಗೆ ಅಂಟಿಕೊಳ್ಳುತ್ತದೆ. ಪ್ರಿಂಟ್ ಮಾಡಿದರೆ 'ಹೆಸರು' ಅಂತಲೇ ಕಾಣುತ್ತದೆ, ಆದರೆ 'ಹೆಸರು' ಅಂತ ಕೇಳಿದರೆ ಕೀಎರರ್, ಅಂದರೆ ಆ ಹೆಸರಿನ ಕಾಲಮ್ಮೇ ಇಲ್ಲ ಅನ್ನುವ ದೋಷ! ಕಣ್ಣಿಗೆ ಕಾಣದ ತಪ್ಪು, ಸುಮ್ನೆ ತಲೆ ಕೆಡಿಸುತ್ತದೆ.

ಎರಡು ಪಟ್ಟಿ ಹೋಲಿಸುವಾಗ 'ಸರೋಜ'ಗೆ 'ಸರೋಜ' ಸಿಗುತ್ತಿಲ್ಲ ಅಂತಲೂ ಬರೆದಿದ್ದೀರಿ. ಇದು ಬೇರೆ ವಿಷಯ. 'ರೋ'ದಲ್ಲಿರುವ ಓತ್ವ ದೀರ್ಘವನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಎತ್ವ, ಊಕಾರ, ದೀರ್ಘ ಅಂತ ಮೂರು ಕೋಡ್ ಜೋಡಿಸಿಯೂ ಬರೆಯಬಹುದು. ನೋಡಲು ಒಂದೇ, ಪೈಥಾನ್‌ಗೆ ಬೇರೆ ಬೇರೆ. ಹೋಲಿಸುವ ಮೊದಲು ಎರಡೂ ಕಡೆಯ ಹೆಸರನ್ನು ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್‌ಗೆ 'ಎನ್‌ಎಫ್‌ಸಿ' (ಬಿಡಿ ಕೋಡ್‌ಗಳನ್ನು ಒಂದಾಗಿ ಜೋಡಿಸುವ ರೂಪ) ಜೊತೆ ಕೊಡಿ, ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯಲು ಸ್ಟ್ರಿಪ್ ಕೂಡ ಮಾಡಿ. ಕನ್ನಡ ಡೇಟಾ ಯಾವುದೇ ಇರಲಿ, ಓದಿದ ತಕ್ಷಣ ನಾನು ಮಾಡುವ ಮೊದಲ ಕೆಲಸ ಇದು.

ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಗಳಿಗೆ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ಅವುಗಳಲ್ಲಿ ಇರುವುದು ಯೂನಿಕೋಡ್ ಅಲ್ಲವೇ ಅಲ್ಲ. ಮೊದಲು ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಪೈಥಾನ್‌ಗೆ ಕೊಡಿ.