ಓದುಗರ ಪ್ರಶ್ನೆ: ಲಾಗೋಸ್‌ನ ಮನೆಯಲ್ಲಿ ಆಫ್ರಿಕಾ ಮ್ಯಾಜಿಕ್

ಪ್ರಶ್ನೆ: ಮಗ ನೈಜೀರಿಯಾದ ಲಾಗೋಸ್‌ನಲ್ಲಿದ್ದಾನೆ. ಅಲ್ಲಿನವರು ನೋಡುವ ಆಫ್ರಿಕಾ ಮ್ಯಾಜಿಕ್‌ನಲ್ಲಿ ನಮ್ಮ ಹಿಂದಿ ಸಿನಿಮಾದಂಥ ಹಾಡು-ಕುಣಿತವೂ ಬರುತ್ತದಂತೆ. ಹೌದೇ? — ಓದುಗರು, ಧಾರವಾಡ

ಉತ್ತರ: ಹೌದು. ದಕ್ಷಿಣ ಆಫ್ರಿಕಾದ ಟಿವಿ ಕಂಪನಿ ಎಂ-ನೆಟ್ 2003ರಲ್ಲಿ ಆರಂಭಿಸಿದ ಚಾನೆಲ್ ಇದು. ಆಫ್ರಿಕಾದವರೇ ತೆಗೆದ ಸಿನಿಮಾ, ಧಾರಾವಾಹಿಗಳೇ ಇದರ ಬಂಡವಾಳ. ಅದರಲ್ಲೂ ನೈಜೀರಿಯಾದ ಚಿತ್ರೋದ್ಯಮ ನಾಲಿವುಡ್‌ನದು ಸಿಂಹಪಾಲು. ಈಗ ಇದು ಒಂದೇ ಚಾನೆಲ್ ಅಲ್ಲ, ದೊಡ್ಡ ಬಳಗ. ಯೊರುಬಾ ಮತ್ತು ಹೌಸಾ ಭಾಷೆಯವು 2010ರಲ್ಲಿ, ಇಗ್ಬೊ ಭಾಷೆಯದು 2015ರಲ್ಲಿ ಬಂದವು. ನಿಮ್ಮ ಮಗ ನೋಡಿದ್ದು ಬಹುಶಃ ಹೌಸಾ ಸಿನಿಮಾ. ಉತ್ತರ ನೈಜೀರಿಯಾದ ಕಾನೋ ನಗರದ ಈ ಉದ್ಯಮಕ್ಕೆ ಕಾನಿವುಡ್ ಎಂದೇ ಹೆಸರು. ಆ ಊರಿನ ಪ್ರೇಕ್ಷಕರು ದಶಕಗಳಿಂದ ಹಿಂದಿ ಚಿತ್ರ ನೋಡಿಕೊಂಡೇ ಬಂದವರು, ಹಾಗಾಗಿ ಮರ ಸುತ್ತುವ ಹಾಡು ಅಲ್ಲಿಗೂ ಹೋಗಿದೆ. ಭಾಷೆ ಬಾರದವರು ಇಂಗ್ಲಿಷ್ ಅಡಿಬರಹ ಓದಿಕೊಂಡು ನೋಡಬಹುದು.

ಪ್ರಶ್ನೆ: ಈ ಚಾನೆಲ್ ನೋಡಲು ಮಗ ಡಿಎಸ್‌ಟಿವಿ ಎಂಬ ಉಪಗ್ರಹ ಟಿವಿ ಸೇವೆಯ ಡಿಶ್ ಹಾಕಿಸಿದ್ದಾನೆ. ಒಮ್ಮೆ ಇ16, ಮಳೆ ಬಂದರೆ ಇ48-32 ಎಂದು ತೋರಿಸುತ್ತದೆ. ಏನು ಮಾಡಬೇಕು?

ಉತ್ತರ: ಎರಡೂ ಬೇರೆ ಬೇರೆ ಕಾಯಿಲೆ. ಇ16 ಬಂದರೆ ಡಿಶ್ ಮುಟ್ಟಬೇಡಿ. ಸಿಗ್ನಲ್ ಬರುತ್ತಿದೆ, ಚಾನೆಲ್ ಬೀಗ ತೆರೆದಿಲ್ಲ ಅಷ್ಟೇ. ಹಣ ಕಟ್ಟಿದ್ದರೆ, ಬಾಕ್ಸ್ ಚಾಲೂ ಇಟ್ಟು ಅದೇ ಚಾನೆಲ್‌ನಲ್ಲಿ ಬಿಟ್ಟು, ಫೋನಿನಿಂದ ಎರರ್ ಕ್ಲಿಯರ್ ಮಾಡಿಸಲಿ. ಬಾಕ್ಸ್ ಆರಿಸಿದ್ದರೆ ಬೀಗ ತೆರೆಯುವ ಸಂದೇಶ ತಲುಪುವುದೇ ಇಲ್ಲ.

ಇ48-32 ಎಂದರೆ ಸಿಗ್ನಲ್ಲೇ ಇಲ್ಲ. ಜೋರು ಮಳೆಯಲ್ಲಿ ಕೆಲ ನಿಮಿಷ ಹೋಗಿ ಬಂದರೆ ಚಿಂತೆಯಿಲ್ಲ. ಆದರೆ ತುಂತುರಿಗೇ ಹೋದರೆ ಡಿಶ್ ಸರಿಯಾಗಿ ಕೂತಿಲ್ಲ. ಉಪಗ್ರಹ ಇರುವುದು 36 ಡಿಗ್ರಿ ಪೂರ್ವದಲ್ಲಿ. ಲಾಗೋಸ್‌ನಿಂದ ಅದು ಪೂರ್ವಕ್ಕೆ, ತುಸು ದಕ್ಷಿಣಕ್ಕೆ ಬಾಗಿ (ಸುಮಾರು 100 ಡಿಗ್ರಿ), 51 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಎಡವುವುದು ಇಲ್ಲೇ: ಸಿಗ್ನಲ್ ಹಿಡಿಯುವ ತಲೆ (ಎಲ್‌ಎನ್‌ಬಿ) ನಡುವೆ ಇರದೆ ಕೆಳಬದಿಯಲ್ಲಿರುವ ಆಫ್‌ಸೆಟ್ ಡಿಶ್‌ನ ಮುಖವನ್ನೇ 51 ಡಿಗ್ರಿಗೆ ಎತ್ತಿಬಿಡುತ್ತಾರೆ. ಅದರ ನೋಟ ಮುಖಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲಿರುವುದರಿಂದ, ಸರಿಯಾಗಿ ಕೂತ ಡಿಶ್ ಕಣ್ಣಿಗೆ ಇನ್ನೂ ನೆಟ್ಟಗೆ ಕಾಣಬೇಕು. ಬ್ರಾಕೆಟ್ ಮೇಲಿನ ಗುರುತು ನೋಡಿ, ನಟ್ಟು ಅರೆಬಿಗಿ ಮಾಡಿ, ಬಾಕ್ಸ್‌ನ ಸಿಗ್ನಲ್ ಕ್ವಾಲಿಟಿ ಏರುವವರೆಗೆ ಕೂದಲೆಳೆಯಷ್ಟೇ ಸರಿಸಬೇಕು. ನಂತರ ಎಲ್‌ಎನ್‌ಬಿಯನ್ನೂ ಸ್ವಲ್ಪ ತಿರುಗಿಸಿ ನೋಡಬೇಕು.

ಅದಕ್ಕೂ ಮೊದಲು ಎಲ್‌ಎನ್‌ಬಿಗೆ ಸಿಕ್ಕಿಸಿದ ಕೇಬಲ್ ಬಿಚ್ಚಿ ನೋಡಿ. ನಡುವಿನ ತಾಮ್ರದ ತಂತಿ ಕಪ್ಪಾಗಿದ್ದರೆ ನೀರಿಳಿದಿದೆ. ಆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಕೇಬಲ್ಲನ್ನು ಕೆಳಕ್ಕೆ ಒಂದು ಸುತ್ತು ಜೋಲುಬಿಟ್ಟು ಮನೆಯೊಳಗೆ ತನ್ನಿ.